ಚಿತ್ರಗೀತೆಯ ನೆನಪು: ಬಾಗಲಕೋಟೆ ಸೀಮೆಯ ಒಂದು ನಿದರ್ಶನ

ಚಲನಚಿತ್ರವೊಂದನ್ನು ಕಂಡು ಹಲವು ವರ್ಷಗಳಾದ ಮೇಲೆ ಅದರ ಕಥೆ ಮಸುಕಾಗುತ್ತದೆ. ಹಾಡು ಮಾತ್ರ ಉಳಿಯುತ್ತದೆ. ಇದಕ್ಕೆ ರಾಗಮಾಧುರ್ಯವೊಂದೇ ಕಾರಣವೆಂದು ಹೇಳುವುದುಂಟು. ಬಾಗಲಕೋಟೆ ಜಿಲ್ಲೆಯ ನಿದರ್ಶನವನ್ನು ಪರಿಶೀಲಿಸಿದರೆ ಈ ಉತ್ತರವು ಸಾಲದೆಂದು ನಮಗೆ ತೋರುತ್ತದೆ.

ಮೊದಲನೆಯದಾಗಿ, ಕೇಳುವವರ ಕಿವಿಯು ಮುಂಚೆಯೇ ಹದಗೊಂಡಿರಬೇಕು. ಬಾದಾಮಿಯ ಬಳಿ ಪುಷ್ಯಮಾಸದಲ್ಲಿ ನಡೆಯುವ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಬಿಡಾರ ಹೂಡಿ ವಾರಗಟ್ಟಲೆ ಆಟವಾಡುವುದು ವಾಡಿಕೆ. ‘ರಕ್ತರಾತ್ರಿ’ಯನ್ನು ಬರೆದ ಕಂದಗಲ್ಲ ಹನುಮಂತರಾಯರು ಹುನಗುಂದ ಸೀಮೆಯವರು. ಹಿಂದುಸ್ತಾನಿ ರಾಗಗಳನ್ನು ಸಂಕ್ಷೇಪಿಸಿ, ಭಾವವೊಂದಕ್ಕೆ ಹೊಂದಿಸಿ ಹಾಡುವ ರಂಗಗೀತೆಗಳನ್ನು ಇಲ್ಲಿನ ಜನ ತಲೆಮಾರುಗಳಿಂದ ಕೇಳಿದ್ದರು. ಚಿತ್ರಗೀತೆಯು ಬಂದಾಗ ಅದು ಅವರಿಗೆ ಅಪರಿಚಿತವಾಗಿರಲಿಲ್ಲ.

ಇದೇ ಪರಿಸರದಿಂದ ಬಂದವರು ಬೀಳಗಿಯ ಅಮೀರಬಾಯಿ ಕರ್ನಾಟಕಿ. ಇವರ ಸೋದರಿ ಗೋಹರಬಾಯಿ ಬಾಲಗಂಧರ್ವರ ಜೊತೆಯಲ್ಲಿ ರಂಗದ ಮೇಲೆ ಹಾಡಿದವರು. 1943ರ ‘ಕಿಸ್ಮತ್’ ಚಿತ್ರಕ್ಕೆ ಅನಿಲ್ ಬಿಸ್ವಾಸರ ಸಂಗೀತದಲ್ಲಿ ಅಮೀರಬಾಯಿ ಹಾಡಿದರು. ತೆರೆಯ ಮೇಲೆ ಕಂಡವರು ಮುಮ್ತಾಜ್ ಶಾಂತಿ. ಕೇಳಿದ ದನಿ ಬೀಳಗಿಯದು. ಆ ಚಿತ್ರವು ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಮೀರಿ ನಡೆಯಿತು.

ಎರಡನೆಯ ಕಾರಣವು ಹಾಡಿನ ಕಟ್ಟಡದಲ್ಲಿದೆ. ಅಂದಿನ 78 ಸುತ್ತಿನ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿತ್ತು. ಆದುದರಿಂದ ವಿಸ್ತಾರಕ್ಕೆ ಅವಕಾಶವಿಲ್ಲ. ಪಲ್ಲವಿಯು ಮತ್ತೆ ಮತ್ತೆ ಮರಳುತ್ತದೆ. ನಡುವಣ ವಾದ್ಯಭಾಗವು ಅದರ ಮರಳುವಿಕೆಯನ್ನು ನಿರೀಕ್ಷಿಸುವಂತೆ ಮಾಡುತ್ತದೆ. ನಿರೀಕ್ಷಿಸಿದ್ದು ಕೈಗೂಡಿದಾಗಲೆಲ್ಲ ನೆನಪು ಬಲಗೊಳ್ಳುತ್ತದೆ.

ಮೂರನೆಯದು, ಹಾಡು ಬದುಕಿನೊಡನೆ ಬೆಸೆದುಕೊಳ್ಳುವ ಬಗೆ. 1950ರಲ್ಲಿ ಧಾರವಾಡ ಆಕಾಶವಾಣಿ ಕೇಂದ್ರವೂ 1957ರಲ್ಲಿ ವಿವಿಧಭಾರತಿಯೂ ಆರಂಭವಾದವು. ಇಳಕಲ್ಲಿನಂತಹ ನೇಕಾರರ ಊರಿನಲ್ಲಿ ಕೈಕಾಲುಗಳು ಮಗ್ಗಕ್ಕೆ ಮೀಸಲು. ಕಿವಿಗೆ ಮಾತ್ರ ಬಿಡುವುಂಟು. ರೇಡಿಯೋ ಹಾಡನ್ನು ಕಥೆಯಿಂದ ಬಿಡಿಸಿ ಇಂತಹ ದುಡಿಮೆಯ ಹೊತ್ತಿಗೆ ತಂದಿತು. ಆ ಬಳಿಕ ಹಾಡು ನೆನಪಿಗೆ ತರುವುದು ಚಿತ್ರದ ಸನ್ನಿವೇಶಕ್ಕಿಂತ ಹೆಚ್ಚಾಗಿ ಕೇಳಿದವರ ಸ್ವಂತ ದಿನಗಳನ್ನು.

ಆದರೆ ಈ ಬಗೆಯ ನೆನಪಿನಲ್ಲಿ ಒಂದು ನಷ್ಟವೂ ಅಡಗಿದೆ. ಹಿಂದಿನ ಕೆಲವು ತಟ್ಟೆಗಳ ಮೇಲೆ ಗಾಯಕಿಯ ಹೆಸರಿಗೆ ಬದಲಾಗಿ ಪಾತ್ರದ ಹೆಸರನ್ನೇ ಅಚ್ಚಿಸುತ್ತಿದ್ದರು. 1949ರ ‘ಮಹಲ್’ ಚಿತ್ರದ ತಟ್ಟೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಹೀಗೆ ಹಾಡು ಉಳಿದರೂ ಹಾಡಿದವರು ಮರೆಯಾಗುತ್ತಾರೆ. ಅಮೀರಬಾಯಿ 1965ರಲ್ಲಿ ತೀರಿಕೊಂಡರು. ಅವರ ಕಾಲದ ರಂಗಗೀತೆಗಳನ್ನೂ ಚಿತ್ರಗೀತೆಗಳನ್ನೂ ಕೇಳಿ ಬೆಳೆದ ಹಿರಿಯರು ಈಗ ಕೆಲವರೇ ಉಳಿದಿದ್ದಾರೆ. ಈ ನಾಲ್ಕು ಊರುಗಳಲ್ಲಿ ಅಂಥವರ ಹೇಳಿಕೆಗಳನ್ನು ಧ್ವನಿಮುದ್ರಿಸಿ, ಹಾಡಿನೊಡನೆ ಹಾಡಿದವರ ಹೆಸರನ್ನೂ ಊರನ್ನೂ ದಾಖಲಿಸುವುದು ವಿಳಂಬವಿಲ್ಲದೆ ಆಗಬೇಕಾದ ಕಾರ್ಯವೆಂಬುದು ನಮ್ಮ ಅಭಿಪ್ರಾಯ.