ಗಾರ್ನೆಟ್ ಹರಳಿನ ಲೇಶಧಾತುಗಳು: ಮೂರು ಮಾಪನವಿಧಾನಗಳು

ಮೆರೋವಿಂಜಿಯನ್ ಅರಸರ ಕಾಲದ ಫ್ರಾಂಕರ ಆಭರಣಗಳಲ್ಲಿ ಚಿನ್ನದ ಗೂಡುಗಳೊಳಗೆ ಕೂರಿಸಿದ ಕೆಂಪು ಗಾರ್ನೆಟ್ ಬಿಲ್ಲೆಗಳನ್ನು ಕಾಣುತ್ತೇವೆ. ಪ್ಯಾರಿಸ್ಸಿನ ಉತ್ತರಕ್ಕಿರುವ ಸೇಂತ್ ದೆನಿಯಲ್ಲಿ 1959ರಲ್ಲಿ ತೆರೆಯಲಾದ ರಾಣಿ ಆರ್ನೆಗುಂಡಳ ಗೋರಿಯಿಂದ ಇಂತಹವು ದೊರೆತುವು. ಈ ಹರಳುಗಳು ಬಂದುದೆಲ್ಲಿಂದ? ಲಿಖಿತ ಆಧಾರಗಳು ಇಲ್ಲಿ ಹೆಚ್ಚು ನೆರವಾಗವು.

ಕಬ್ಬಿಣ, ಮೆಗ್ನೀಸಿಯಂಗಳ ಪ್ರಮಾಣದಿಂದ ಗಾರ್ನೆಟ್ಟಿನ ಜಾತಿಯನ್ನು ತಿಳಿಯಬಹುದು. ಆದರೆ ಒಂದೇ ಜಾತಿಯ ಹರಳು ಹಲವು ದೇಶಗಳಲ್ಲಿ ದೊರೆಯುವುದರಿಂದ, ಆಕರವನ್ನು ಗುರುತಿಸಲು ಯಟ್ರಿಯಂ, ಕ್ರೋಮಿಯಂ ಮೊದಲಾದ ಲೇಶಧಾತುಗಳನ್ನು, ಎಂದರೆ ಸಾಮಾನ್ಯವಾಗಿ ಅತ್ಯಲ್ಪ ಪ್ರಮಾಣದಲ್ಲಿರುವಂತಹವುಗಳನ್ನು, ಅಳೆಯಬೇಕಾಗುತ್ತದೆ.

ರೇಮೋ ಕಾಸ್ತೇಂ 1951ರ ತಮ್ಮ ಪ್ರೌಢಪ್ರಬಂಧದಲ್ಲಿ ವಿವರಿಸಿದ ಎಲೆಕ್ಟ್ರಾನ್ ಶೋಧಕವು ಸುಮಾರು ಒಂದು ಮೈಕ್ರಾನ್ ಅಗಲದ ಬಿಂದುವಿನಿಂದ ಹೊರಡುವ ಕ್ಷ-ಕಿರಣಗಳನ್ನು ಅಳೆಯುತ್ತದೆ. ಮುಖ್ಯ ಘಟಕಗಳಿಗೆ ಇದು ಅತ್ಯಂತ ವಿಶ್ವಾಸಾರ್ಹ. ಆದರೆ ಸಾಮಾನ್ಯವಾಗಿ ಹತ್ತು ಲಕ್ಷಕ್ಕೆ ನೂರು ಭಾಗಕ್ಕಿಂತ ಕೆಳಗೆ ಇದರ ದೃಷ್ಟಿ ಮಂದವಾಗುತ್ತದೆ. ವಸ್ತುವನ್ನು ನಿರ್ವಾತದಲ್ಲಿಯೂ ಇರಿಸಬೇಕು.

1970ರಲ್ಲಿ ಸ್ವೀಡನ್ನಿನ ಲುಂಡಿನಲ್ಲಿ ಪ್ರಕಟವಾದ ವಿಧಾನದಲ್ಲಿ ಎಲೆಕ್ಟ್ರಾನುಗಳ ಬದಲು ಪ್ರೋಟಾನುಗಳನ್ನು ಪ್ರಯೋಗಿಸಲಾಯಿತು. ಪ್ರೋಟಾನು ಭಾರವಾದುದರಿಂದ ಹಿನ್ನೆಲೆಯ ಕಿರಣಗದ್ದಲ ತೀರ ಕಡಮೆ. ಹತ್ತು ಲಕ್ಷಕ್ಕೆ ಕೆಲವೇ ಭಾಗಗಳೂ ಗೋಚರವಾಗುತ್ತವೆ. ಕಿರಣವನ್ನು ತೆರೆದ ಗಾಳಿಗೆ ತರಬಹುದಾದುದರಿಂದ ಆಭರಣವನ್ನು ಬಿಚ್ಚದೆಯೇ ಅಳೆಯಬಹುದು. ಲೂವ್ರ್ ವಸ್ತುಸಂಗ್ರಹಾಲಯದ ನೆಲಮಾಳಿಗೆಯ ವೇಗವರ್ಧಕದಲ್ಲಿ ಸೇಂತ್ ದೆನಿಯ ಹರಳುಗಳನ್ನು ಪರೀಕ್ಷಿಸಿದುದು ಹೀಗೆಯೇ.

ಮೂರನೆಯದು 1985ರಿಂದ ಬೆಳೆದ ಲೇಸರ್ ವಿಧಾನ. ಇದರಲ್ಲಿ ಲೇಸರು ಹರಳಿನ ಕಣವನ್ನು ಧೂಳಾಗಿಸುತ್ತದೆ. ಆ ಧೂಳನ್ನು ಆರ್ಗಾನ್ ಪ್ಲಾಸ್ಮದಲ್ಲಿ ಅಯಾನೀಕರಿಸಿ ತೂಗಲಾಗುತ್ತದೆ. ಹತ್ತು ಲಕ್ಷಕ್ಕೆ ಒಂದು ಭಾಗಕ್ಕೂ ಕೆಳಗಿನ ವಿರಳಮೃತ್ತಿಕಾ ಧಾತುಗಳೂ ಇದಕ್ಕೆ ಸಿಕ್ಕುತ್ತವೆ. ಆದರೆ ಹತ್ತಾರು ಮೈಕ್ರಾನ್ ಅಗಲದ ಕುಳಿಯೊಂದು ಉಳಿಯುತ್ತದೆ. ಬರಿಗಣ್ಣಿಗೆ ಅದು ಕಾಣುವುದೇ ಕಷ್ಟ. ಆದರೂ ರಾಣಿಯೊಬ್ಬಳ ಒಡವೆಯ ಮೇಲೆ ಅದಕ್ಕೆ ಅನುಮತಿ ಬೇಡುವ ಧೈರ್ಯ ನನಗಂತೂ ಬಾರದು.

ಲೇಸರಿಗೆ ಇನ್ನೊಂದು ಗುಣವುಂಟು. ಗಾರ್ನೆಟ್ಟಿನೊಳಗೆ ರೂಟೈಲ್, ಜಿರ್ಕಾನ್‌ಗಳ ಸೂಕ್ಷ್ಮಕಣಗಳು ಹುದುಗಿರುವುದುಂಟು. ಲೇಸರು ಅವುಗಳನ್ನು ಮುಟ್ಟಿದೊಡನೆ ಸಂಕೇತ ಥಟ್ಟನೆ ಏರುವುದರಿಂದ ಆ ಭಾಗವನ್ನು ಲೆಕ್ಕದಿಂದ ಬಿಡಬಹುದು. ಪ್ರೋಟಾನು ಹಲವಾರು ಮೈಕ್ರಾನ್ ಆಳದವರೆಗಿನ ಎಲ್ಲವನ್ನೂ ಒಟ್ಟುಗೂಡಿಸಿ ತಿಳಿಸುತ್ತದೆ. ಅಲ್ಲಿ ಟೈಟಾನಿಯಂ ಅಧಿಕವಾಗಿ ಕಂಡರೆ ಅದು ಗಾರ್ನೆಟ್ಟಿನದೇ ಎನ್ನಲಾಗದು. ಹರಳಿನ ನಡುವಣ ಭಾಗದಲ್ಲಿ ಯಟ್ರಿಯಂ ಹೆಚ್ಚು, ಅಂಚಿನಲ್ಲಿ ಕಡಮೆ ಇರುವುದೂ ಸಾಮಾನ್ಯವಾದುದರಿಂದ, ಯಾವ ವಿಧಾನದಲ್ಲಾಗಲಿ ಒಂದೇ ಬಿಂದುವಿನ ಅಳತೆ ಸಾಲದು.

ಈ ಪರೀಕ್ಷೆಗಳ ಪ್ರಕಾರ ಐದು-ಆರನೆಯ ಶತಮಾನಗಳ ಹರಳುಗಳಲ್ಲಿ ಬಹುಪಾಲು ಭಾರತ, ಸಿಂಹಳಗಳವು. ಏಳನೆಯ ಶತಮಾನದಲ್ಲಿ ಬೊಹೀಮಿಯದ ಸಣ್ಣ ಹರಳುಗಳು ಅವುಗಳ ಸ್ಥಾನವನ್ನು ಹಿಡಿದುವು. ಸುಮಾರು 570ರಲ್ಲಿ ಯೆಮನ್ ಸಸಾನಿಯರ ವಶವಾಗಿ ಸಮುದ್ರವ್ಯಾಪಾರ ಕೆಟ್ಟುದೇ ಇದಕ್ಕೆ ಕಾರಣವೆಂದು ಕೆಲವರ ಮತ. ಯೂರೋಪಿನಲ್ಲಿ ರುಚಿಯೇ ಬದಲಾಗಿರಬಹುದೆಂಬುದೂ ತಳ್ಳಿಹಾಕತಕ್ಕ ಮಾತಲ್ಲ. ಈ ವಿವಾದದಲ್ಲಿ ಯಟ್ರಿಯಂ ಯಾರ ಪಕ್ಷವನ್ನೂ ವಹಿಸುವುದಿಲ್ಲ.