ನೀರಿನಡಿಯ ಕಾಂಕ್ರೀಟೂ ಮುಳುಗುಗಾರನ ಕೈಯೂ

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂಬುದು ಲೋಕರೂಢಿಯ ಮಾತು. ವಸ್ತುತಃ ಸಿಮೆಂಟು ಗಟ್ಟಿಗೊಳ್ಳುವುದು ನೀರನ್ನು ಕಳೆದುಕೊಳ್ಳುವುದರಿಂದಲ್ಲ, ನೀರಿನೊಡನೆ ರಾಸಾಯನಿಕ ಸಂಯೋಗ ಹೊಂದುವುದರಿಂದ. ಹೊಸ ತಾರಸಿಯ ಮೇಲೆ ಬದು ಕಟ್ಟಿ ದಿನಗಟ್ಟಲೆ ನೀರು ನಿಲ್ಲಿಸುವ ನಮ್ಮ ಮೇಸ್ತ್ರಿಗಳು ರಸಾಯನಶಾಸ್ತ್ರವನ್ನು ಓದದೆಯೇ ಈ ತತ್ತ್ವವನ್ನು ಬಲ್ಲವರು. ಆದುದರಿಂದ ಅಳಿವೆಯ ಸೇತುವೆಗಳ ಕಂಬಗಳು, ಬಂದರಿನ ಧಕ್ಕೆಗಳು, ಜಲಾಶಯದ ಅಣೆಕಟ್ಟುಗಳು ಹಗಲಿರುಳೂ ನೀರಿನಲ್ಲಿ ನಿಂತಿದ್ದರೂ ನೀರೆಂಬುದೇ ಅವುಗಳಿಗೆ ಶತ್ರುವಲ್ಲ; ನೀರಿನಲ್ಲಿ ಕರಗಿದ ಲವಣವೂ ನೀರಿನ ಚಲನೆಯೂ ಶತ್ರುಗಳು. ಇವೆರಡರ ಹಾವಳಿಯಿಂದ ಜೀರ್ಣವಾದ ಭಾಗವನ್ನು, ನೀರನ್ನು ಬರಿದುಮಾಡದೆ, ಅದರೊಳಕ್ಕೇ ಇಳಿದು ಸರಿಪಡಿಸತಕ್ಕವನು ವೃತ್ತಿನಿರತ ಮುಳುಗುಗಾರ.

ಸಮುದ್ರದ ಲವಣವು ಕಾಂಕ್ರೀಟಿನ ಸೂಕ್ಷ್ಮರಂಧ್ರಗಳ ಮೂಲಕ ಒಳಸೇರಿ, ಒಳಗಿನ ಉಕ್ಕಿನ ಸರಳುಗಳಿಗಿದ್ದ ಕ್ಷಾರದ ರಕ್ಷೆಯನ್ನು ಮುರಿಯುತ್ತದೆ. ತುಕ್ಕು ತಾನು ನುಂಗಿದ ಉಕ್ಕಿಗಿಂತ ಹಲವು ಪಾಲು ಹೆಚ್ಚು ಸ್ಥಳವನ್ನು ಬೇಡುವುದರಿಂದ, ಹೊರಗಿನ ಕಾಂಕ್ರೀಟು ಸೀಳಿ ಹೋಳುಹೋಳಾಗಿ ಉದುರುತ್ತದೆ. ಪಣಜಿಯಲ್ಲಿ ಮಾಂಡೋವಿ ನದಿಯ ಸೇತುವೆಯು 1986ರ ಜುಲೈ ತಿಂಗಳಲ್ಲಿ ಕುಸಿದುಬಿದ್ದುದಕ್ಕೂ ಒಳಗಿನ ಬಿಗಿತಂತಿಗಳು ತುಕ್ಕು ಹಿಡಿದುದೇ ಮುಖ್ಯ ಕಾರಣ. ಆದರೆ ಆಳದಲ್ಲಿ ಸದಾ ಮುಳುಗಿರುವ ಭಾಗಕ್ಕೆ ಆಮ್ಲಜನಕವು ದುರ್ಲಭವಾದುದರಿಂದ ಅಲ್ಲಿ ತುಕ್ಕಿನ ವೇಗ ಮಂದ. ಉಬ್ಬರವಿಳಿತಗಳ ನಡುವೆ ಒಮ್ಮೆ ತೋಯ್ದು ಒಮ್ಮೆ ಒಣಗುವ ಪಟ್ಟಿಯೇ ಎಲ್ಲಕ್ಕಿಂತ ಬೇಗ ಕೆಡತಕ್ಕದ್ದು. ಸಿಹಿನೀರಿನ ಅಣೆಕಟ್ಟುಗಳಲ್ಲಿಯಾದರೋ ಪ್ರವಾಹದೊಡನೆ ಉರುಳಿಬರುವ ಮರಳು ಕಲ್ಲುಗಳು ತಳದ ಹಾಸನ್ನು ಸವೆಯಿಸುತ್ತವೆ.

ದುರಸ್ತಿಯ ಮೊದಲ ಘಟ್ಟ ಪರೀಕ್ಷೆ. ಶಿರಸ್ತ್ರಾಣ ಧರಿಸಿದ ಮುಳುಗುಗಾರನಿಗೆ ಉಸಿರಾಡುವ ಗಾಳಿ, ದೂರವಾಣಿಯ ತಂತಿ, ಆಳವನ್ನಳೆಯುವ ನಳಿಕೆ ಇವೆಲ್ಲವೂ ಒಂದೇ ಹೊಕ್ಕುಳಬಳ್ಳಿಯಾಗಿ ಮೇಲಿನಿಂದ ಇಳಿಯುತ್ತವೆ. ಕಂಬಕ್ಕೆ ಕವಿದ ಪಾಚಿಯನ್ನೂ ಚಿಪ್ಪುಜೀವಿಗಳನ್ನೂ ತೀವ್ರ ಒತ್ತಡದ ಜಲಧಾರೆಯಿಂದ ತೊಳೆದ ಮೇಲೆ, ರಾಡಿನೀರಿನಲ್ಲಿ ತನ್ನ ಕೈಯೇ ತನಗೆ ಕಾಣದಿರುವಾಗ, ಅವನು ಬಿರುಕನ್ನು ಬೆರಳ ತುದಿಯಿಂದಲೇ ಅನುಸರಿಸುತ್ತಾನೆ. ಸುತ್ತಿಗೆಯಿಂದ ತಟ್ಟಿ, ಪೊಳ್ಳಾದ ಭಾಗವನ್ನು ಶಬ್ದದಿಂದ ಗುರುತಿಸುತ್ತಾನೆ. ನೀರಿನಲ್ಲಿ ದೇಹಕ್ಕೆ ಭಾರವಿಲ್ಲದುದರಿಂದ ಬೈರಿಗೆಯನ್ನು ಒತ್ತಿದಷ್ಟೂ ಅದು ಅವನನ್ನೇ ಹಿಂದಕ್ಕೆ ನೂಕುವುದು. ಕಂಬಕ್ಕೆ ತನ್ನನ್ನು ಕಟ್ಟಿಕೊಂಡಲ್ಲದೆ ಒಂದು ರಂಧ್ರವನ್ನಾದರೂ ಕೊರೆಯಲಾಗದು.

ಸಡಿಲವಾದುದನ್ನೆಲ್ಲ ಕಡಿದು, ಸರಳುಗಳ ತುಕ್ಕನ್ನು ತೊಳೆದು, ಅಗತ್ಯವಿದ್ದೆಡೆ ಹೊಸ ಸರಳನ್ನು ಕೂಡಿಸಿ, ಸುತ್ತಲೂ ಅಚ್ಚಿನ ಕವಚವನ್ನು ತೊಡಿಸಿದ ಮೇಲೆ ಬರುವುದೇ ನಿಜವಾದ ಪರೀಕ್ಷೆ. ಹಸಿ ಕಾಂಕ್ರೀಟನ್ನು ನೀರಿಗೆ ಸುರಿದರೆ ಸಿಮೆಂಟು ತೊಳೆದುಹೋಗಿ ಬರಿಯ ಜಲ್ಲಿಯೂ ಮರಳೂ ತಳದಲ್ಲಿ ಉಳಿಯುವುವು. ಇದಕ್ಕಾಗಿ ‘ಟ್ರೆಮಿ’ ಎಂಬ ಕೊಳವೆಯನ್ನು ತಳದವರೆಗೆ ಇಳಿಬಿಟ್ಟು, ಅದರ ಬಾಯಿ ಸದಾ ಹಸಿ ಕಾಂಕ್ರೀಟಿನೊಳಗೆ ಹೂತಿರುವಂತೆ ಕಾಪಾಡುತ್ತಾರೆ. ಆಗ ಹೊಸದಾಗಿ ಬಂದುದು ಒಳಗಿನಿಂದಲೇ ಉಬ್ಬುತ್ತದೆ, ಮೊದಲು ನೀರನ್ನು ಮುಟ್ಟಿದ ಪದರವೇ ಮೇಲೆ ಮೇಲೆ ಏರಿ ಮಿಕ್ಕುದಕ್ಕೆಲ್ಲ ಹೊದಿಕೆಯಾಗುತ್ತದೆ. ಕೊಳವೆಯನ್ನು ಅಂಗೈಯಗಲ ಹೆಚ್ಚಾಗಿ ಎತ್ತಿ ಬಾಯಿ ಹೊರಬಿದ್ದರೂ ಸಾಕು, ನೀರು ಒಳನುಗ್ಗಿ ಮಾಡಿದ ಕೆಲಸ ಕೆಡುತ್ತದೆ. ಇತ್ತೀಚಿನ ದಶಕಗಳಲ್ಲಿ ಬಳಕೆಗೆ ಬಂದ ಅಂಟುದ್ರವ್ಯಗಳು ಮಿಶ್ರಣವನ್ನು ಎಳೆಪಾಕದಂತೆ ಒಂದುಗೂಡಿಸಿ, ತೊಳೆದುಹೋಗುವುದನ್ನು ಬಹುಮಟ್ಟಿಗೆ ತಡೆಯುತ್ತವೆ. ಸಣ್ಣ ಬಿರುಕುಗಳಿಗಾದರೆ, ಒದ್ದೆ ಮೈಗೂ ಅಂಟತಕ್ಕ ಎಪಾಕ್ಸಿಯನ್ನು ಕೆಳತುದಿಯಿಂದ ಆರಂಭಿಸಿ ಒತ್ತಡದಿಂದ ತುಂಬುತ್ತಾರೆ; ಅದು ಒಳಗಿನ ನೀರನ್ನು ಮುಂದೆ ನೂಕುತ್ತ ಮೇಲಿನ ರಂಧ್ರದಲ್ಲಿ ಕಾಣಿಸಿಕೊಂಡ ಮೇಲೆಯೇ ಕೆಳಗಿನದನ್ನು ಮುಚ್ಚಿ ಮುಂದಕ್ಕೆ ಸಾಗುವುದು.

ಈ ಕೆಲಸದ ಅಪಾಯಗಳಲ್ಲಿ ಅಣೆಕಟ್ಟಿನ ಬಳಿಯದು ಅತಿ ಕ್ರೂರ. 10 ಮೀಟರ್ ಆಳದಲ್ಲಿ 30 ಸೆಂಟಿಮೀಟರ್ ಚದರದ ಒಂದು ಕಿಂಡಿ ಆಚೆಬದಿಗೆ ತೆರೆದಿದ್ದರೆ, ಅದಕ್ಕೆ ಮೈಯೊಡ್ಡಿದವನ ಮೇಲೆ ಸುಮಾರು 900 ಕಿಲೋಗ್ರಾಂ ತೂಕದ ಸೆಳೆತ ಬೀಳುವುದು. ಮೇಲಿನವರೆಲ್ಲ ಸೇರಿ ಹಗ್ಗವನ್ನೆಳೆದರೂ ಅವನು ಬಿಡಿಸಿಕೊಳ್ಳಲಾರ. ಆದುದರಿಂದಲೇ ತೂಬುಗಳನ್ನೆಲ್ಲ ಮುಚ್ಚಿ ಬೀಗ ಹಾಕಿದ ಹೊರತು ಯಾರೂ ನೀರಿಗಿಳಿಯಬಾರದೆಂಬ ನಿಯಮ.

ಈ ವೃತ್ತಿಯ ಹಿರಿಮೆಯನ್ನು ತೋರಲು ಇಂಗ್ಲೆಂಡಿನ ವಿಲಿಯಂ ವಾಕರನ ಒಂದು ಉದಾಹರಣೆ ಸಾಕು. ವಿಂಚೆಸ್ಟರಿನ ಪುರಾತನ ಕೆಥೆಡ್ರಲ್ ಜವುಗುನೆಲದಲ್ಲಿ ಕುಸಿಯುತ್ತಿದ್ದಾಗ, ತಳಹದಿಯ ಹೊಂಡಗಳ ನೀರನ್ನು ಮೊದಲೇ ಪಂಪುಮಾಡಿದರೆ ಗೋಡೆಗಳು ಇನ್ನಷ್ಟು ಜಗ್ಗುವ ಭಯವಿದ್ದುದರಿಂದ, 1906ರಿಂದ 1911ರವರೆಗೆ ಆತನು ಸುಮಾರು 6 ಮೀಟರ್ ಆಳದ ಕಗ್ಗತ್ತಲ ನೀರಿನಲ್ಲಿ ಕೈತಡಕಾಟದಿಂದಲೇ ಕಾಂಕ್ರೀಟಿನ ಚೀಲಗಳನ್ನೂ ಇಟ್ಟಿಗೆಯಂಥ ಅಚ್ಚುಗಳನ್ನೂ ಜೋಡಿಸಿದನು. ಅವನು ಇಟ್ಟ ಚೀಲಗಳ ಸಂಖ್ಯೆ 25,800 ಎಂದು ಲೆಕ್ಕವಿದೆ. ತಳವು ಹೀಗೆ ಮುಚ್ಚಿದ ಬಳಿಕವಷ್ಟೇ ನೀರನ್ನು ತೆಗೆದು ಕಲ್ಲುಕುಟಿಗರು ಮೇಲಿನ ಕೆಲಸ ಮುಗಿಸಿದರು.

ವಾಕರನ ಕೆಲಸವನ್ನು ಆಗ ಮೇಲೆ ನಿಂತ ಯಾವ ಇಂಜಿನಿಯರನಿಗೂ ನೋಡಲಾಗುತ್ತಿರಲಿಲ್ಲ. ಇಂದು ಕ್ಯಾಮರಾಗಳು ಇಳಿಯುತ್ತವೆಯಾದರೂ ರಾಡಿನೀರಿನಲ್ಲಿ ಅವೂ ಕುರುಡೇ. ಬೆರಳಿನಿಂದ ಮುಟ್ಟಿ ಬಂದವನು ಆಡಿದ ಮಾತೇ ಕೊನೆಗೆ ವರದಿಯಾಗುವುದು. 2024ರ ಆಗಸ್ಟಿನಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿದ್ದಾಗ ನಾವೆಲ್ಲ ಬೆಚ್ಚಿದೆವು. ಸೇತುವೆಯ ಮೇಲಿನ ಡಾಂಬರು ಕಿತ್ತರೆ ಮರುದಿನವೇ ದೂರು ಬರೆಯುವ ನಾವು, ಕಂಬದ ಬುಡವನ್ನು ಮುಳುಗುಗಾರನು ಕೊನೆಯ ಬಾರಿ ಮುಟ್ಟಿ ನೋಡಿದುದು ಎಂದು ಎಂಬ ಪ್ರಶ್ನೆಯನ್ನೂ ಅಷ್ಟೇ ಹಟದಿಂದ ಕೇಳತಕ್ಕದ್ದು.