ಸದ್ದಿಲ್ಲದ ತಪ್ಪುಗಳ ಬೆನ್ನು ಹತ್ತಿ

ಮೊದಲ 52 ಕೂಸುಗಳಲ್ಲಿ ತೀರಿಕೊಂಡದ್ದು ಒಂದೇ ಒಂದು. ಆಮೇಲಿನ 16 ಕೂಸುಗಳಲ್ಲಿ 7! ಅದೇ ಶಸ್ತ್ರವೈದ್ಯ, ಅದೇ ಪಳಗಿದ ಕೈ. ಏನಾಯಿತು?

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಮಾರ್ಕ್ ಡಿ ಲೆವಾಲ್ ಈ ಪ್ರಶ್ನೆಯನ್ನು ಕೇಳಿಕೊಂಡದ್ದು ಬೇರೆ ಯಾರನ್ನೋ ಕುರಿತಲ್ಲ, ತಮ್ಮನ್ನೇ ಕುರಿತು. ಬೇರೆಯವರಾಗಿದ್ದರೆ ಹಣೆಬರಹ ಎಂದು ಸುಮ್ಮನಾಗಬಹುದಿತ್ತು. ಇವರು ತಮ್ಮ 104 ಶಸ್ತ್ರಚಿಕಿತ್ಸೆಗಳ ಲೆಕ್ಕವನ್ನು ಒಂದೂ ಬಿಡದೆ ಬಿಚ್ಚಿಟ್ಟು 1994ರಲ್ಲಿ ಲೋಕದ ಮುಂದೆ ಪ್ರಕಟಿಸಿದರು. ವೈದ್ಯನೊಬ್ಬ ತನ್ನ ಸೋಲುಗಳನ್ನು ಹೀಗೆ ಹರವಿ ಕೂತದ್ದನ್ನು ಮೊದಲ ಸಲ ಓದಿದಾಗ ನನ್ನ ಮೈ ಜುಮ್ಮೆಂದಿತ್ತು.

ಆ ಶಸ್ತ್ರಚಿಕಿತ್ಸೆಯಾದರೂ ಎಂಥದ್ದು! ಕೆಲವು ಕೂಸುಗಳು ಹುಟ್ಟುವಾಗಲೇ ಹೃದಯದ ಎರಡು ಹೆದ್ದಾರಿಗಳು ಅದಲುಬದಲಾಗಿರುತ್ತವೆ. ದೇಹಕ್ಕೆ ಹೋಗುವ ಮಹಾಧಮನಿ ಬಲಗಡೆಯ ಕೋಣೆಗೆ, ಶ್ವಾಸಕೋಶಕ್ಕೆ ಹೋಗುವ ಧಮನಿ ಎಡಗಡೆಯ ಕೋಣೆಗೆ. ಆಮ್ಲಜನಕವಿಲ್ಲದ ರಕ್ತವೇ ಮೈಯೆಲ್ಲ ಸುತ್ತಿ ಮಗು ನೀಲಿಗಟ್ಟುತ್ತದೆ. ಎರಡನ್ನೂ ಕತ್ತರಿಸಿ ಸರಿಯಾದ ಕಡೆಗೆ ಹೊಲಿಯಬೇಕು. 1975ರಲ್ಲಿ ಬ್ರೆಜಿಲ್‌ನ ಆದಿಬ್ ಜಟೇನೆ ಇದನ್ನು ಮೊದಲು ಗೆದ್ದರು. ಕೈಯಲ್ಲಿರುವುದು ದೊಡ್ಡ ನೆಲ್ಲಿಕಾಯಿಯಷ್ಟಿರುವ ಹೃದಯ. ಅದಕ್ಕೇ ರಕ್ತ ಉಣಿಸುವ, ಸಾಸಿವೆ ಕಾಳಿನಷ್ಟೇ ಅಗಲದ ನಾಳಗಳನ್ನೂ ಬಿಡಿಸಿ ಹೊಸ ಜಾಗಕ್ಕೆ ನೆಡಬೇಕು. ಅವು ಕೂದಲೆಳೆಯಷ್ಟು ತಿರುಚಿಕೊಂಡರೂ ಹೃದಯಕ್ಕೆ ಉಸಿರಿಲ್ಲ.

ಡಿ ಲೆವಾಲ್ ಹಿಡಿದ ಸಾಧನ ಬಂದದ್ದು ಆಸ್ಪತ್ರೆಯಿಂದಲ್ಲ, ಕಾರ್ಖಾನೆಯಿಂದ! ಯಂತ್ರವೊಂದು ಮೆಲ್ಲಮೆಲ್ಲಗೆ ಹದ ತಪ್ಪುವುದನ್ನು ಹಿಡಿಯಲು ಅಲ್ಲಿ ಬಳಸುವ ಕ್ಯೂಸಮ್ ಎಂಬ ರೇಖಾಚಿತ್ರ. ಸೋಲು ಕೂಡಿದಂತೆಲ್ಲ ಗೆರೆ ಮೇಲೇರುತ್ತದೆ. ಅವರು ಸಾವುಗಳನ್ನು ಮಾತ್ರ ಎಣಿಸಿ ನಿಲ್ಲಲಿಲ್ಲ. ಹೃದಯ-ಶ್ವಾಸಕೋಶ ಯಂತ್ರದಿಂದ ಬಿಡಿಸಿದ ಮೇಲೆ ಮತ್ತೆ ಅದಕ್ಕೇ ಜೋಡಿಸಬೇಕಾಗಿ ಬಂದ ಕೂಸುಗಳನ್ನೂ, ಕೂದಲೆಳೆಯಲ್ಲಿ ತಪ್ಪಿದ ಅಪಾಯವೆಂದು, ಲೆಕ್ಕಕ್ಕೆ ಹಿಡಿದರು. ಬದುಕಿ ಮನೆಗೆ ಹೋದ ಮಕ್ಕಳ ಕಡತದಲ್ಲೂ ಎಚ್ಚರಿಕೆಯ ಗಂಟೆ ಅಡಗಿತ್ತು! ಹೆಸರಾಂತ ಆ ಶಸ್ತ್ರವೈದ್ಯ ಮತ್ತೆ ತರಬೇತಿಗೆ ಕೂತರು. ಫಲಿತಾಂಶ ಹಳಿಗೆ ಬಂತು.

ಕುತೂಹಲ ಅಲ್ಲಿಗೆ ತಣಿಯಲಿಲ್ಲ. ವಿಮಾನ ದುರಂತಗಳ ಹಿಂದಿನ ಮನುಷ್ಯ ಸಹಜ ತಪ್ಪುಗಳನ್ನು ಅರೆದು ಕುಡಿದಿದ್ದ ಮನೋವಿಜ್ಞಾನಿ ಜೇಮ್ಸ್ ರೀಸನ್ ಜೊತೆಗೂಡಿದರು. ಬ್ರಿಟನ್ನಿನ 16 ಆಸ್ಪತ್ರೆಗಳು, 21 ಶಸ್ತ್ರವೈದ್ಯರು, ಇದೇ ಬಗೆಯ 243 ಶಸ್ತ್ರಚಿಕಿತ್ಸೆಗಳು. 2000ದಲ್ಲಿ ಹೊರಬಂದ ಫಲಿತಾಂಶ ಎಲ್ಲರನ್ನೂ ಬೆರಗಾಗಿಸುವಂಥದ್ದು. ದೊಡ್ಡ ಎಡವಟ್ಟಾದಾಗ ಇಡೀ ತಂಡ ಬೆಚ್ಚಿ ಎದ್ದು ಅದನ್ನು ಸರಿಪಡಿಸುತ್ತದೆ. ಹಾಗೆ ಸರಿಪಡಿಸಿದಾಗ ಮಗು ಬದುಕುವ ಸಾಧ್ಯತೆ ಹೆಚ್ಚು. ಆದರೆ ಚಿಕ್ಕಪುಟ್ಟ ತೊಡಕುಗಳಿವೆಯಲ್ಲ, ಕೇಳಿಸದ ಒಂದು ಮಾತು, ಕೈಗೆ ಸಿಗದ ಒಂದು ಉಪಕರಣ, ಅಂಥವು? ಯಾರ ಗಮನಕ್ಕೂ ಬಾರದೆ ಒಂದರ ಮೇಲೊಂದು ಸೇರುತ್ತ ಹೋಗುತ್ತವೆ. ಅವು ಹೆಚ್ಚಿದಷ್ಟೂ ಸಾವಿನ ಸಾಧ್ಯತೆ ಹೆಚ್ಚು! ಹುಲಿಗೆ ಕಾವಲು ಕೂತವರ ಕಾಲಡಿಯಲ್ಲಿ ಗೆದ್ದಲು ಮನೆ ತಿನ್ನುತ್ತಿತ್ತು.

ಇನ್ನು ಈ ಕಥೆಯ ಅತಿ ಸೊಗಸಾದ ತಿರುವು. ಅದೇ ಆಸ್ಪತ್ರೆಯ ಶಸ್ತ್ರವೈದ್ಯ ಮಾರ್ಟಿನ್ ಎಲಿಯಟ್ ಮತ್ತು ತೀವ್ರ ನಿಗಾ ಘಟಕದ ಅಲನ್ ಗೋಲ್ಡ್‌ಮನ್ ದಣಿದು ಟಿವಿ ಮುಂದೆ ಕೂತಿದ್ದರು. ತೆರೆಯ ಮೇಲೆ ಫಾರ್ಮುಲಾ ಒನ್ ಕಾರ್ ಓಟ. ಕಾರು ನಿಂತಿತು, ಸುಮಾರು 20 ಜನ ಮುತ್ತಿದರು, ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಚಕ್ರ ಬದಲಿಸಿ, ಇಂಧನ ತುಂಬಿ ಕಳಿಸಿಬಿಟ್ಟರು. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಲಿಲ್ಲ, ಕೂಗಾಡಲಿಲ್ಲ. ಅರೆ, ನಾವು ಮಾಡುವುದೂ ಇದನ್ನೇ ಅಲ್ಲವೇ! ಹೃದಯ ಹೊಲಿದ ಮಗುವನ್ನು ಆಪರೇಷನ್ ಥಿಯೇಟರಿನಿಂದ ತೀವ್ರ ನಿಗಾ ಘಟಕಕ್ಕೆ ಸಾಗಿಸಿ, ಅದರ ವೆಂಟಿಲೇಟರ್, ಮಾನಿಟರ್, ಔಷಧದ ನಳಿಕೆಗಳನ್ನೆಲ್ಲ ಬದಲಿಸಿ, ಹೊಸ ತಂಡದ ಕೈಗೊಪ್ಪಿಸುವ ಆ ಕೆಲವು ನಿಮಿಷಗಳು.

ಅವರು ಫೆರಾರಿ ತಂಡದ ಬಾಗಿಲು ತಟ್ಟಿದರು. ಹಸ್ತಾಂತರದ ವಿಡಿಯೊ ನೋಡಿದ ಅಲ್ಲಿನ ತಾಂತ್ರಿಕ ವ್ಯವಸ್ಥಾಪಕ ನೈಜೆಲ್ ಸ್ಟೆಪ್ನಿಗೆ ಅದು ಒಪ್ಪಿಗೆಯಾಗಲಿಲ್ಲ. ಕಾರಿನ ಮುಂದೆ ಫಲಕ ಹಿಡಿದು ನಿಲ್ಲುತ್ತಿದ್ದ ಒಬ್ಬನ ಅಪ್ಪಣೆಯಿಲ್ಲದೆ ಆಗ ಅವರಲ್ಲಿ ಕಾರು ಕದಲುತ್ತಿರಲಿಲ್ಲ. ಇಲ್ಲಿ ಯಜಮಾನ ಯಾರೆಂಬುದೇ ತಿಳಿಯುತ್ತಿರಲಿಲ್ಲ. ಆಸ್ಪತ್ರೆ ಪಾಠ ಕಲಿಯಿತು. ಮೊದಲು ಯಂತ್ರಗಳ ಜೋಡಣೆ, ಆಮೇಲೆ ಮಾಹಿತಿ, ಕೊನೆಗೆ ಚರ್ಚೆ. ಅರಿವಳಿಕೆ ತಜ್ಞರ ಮುಂದಾಳತ್ವ. ಒಬ್ಬರು ಮಾತಾಡುವಾಗ ಉಳಿದವರು ಮೌನ.

2007ರಲ್ಲಿ ಲೆಕ್ಕ ಹೊರಬಂತು, ಒಟ್ಟು 50 ಹಸ್ತಾಂತರಗಳದ್ದು. ಪ್ರತಿ ಹಸ್ತಾಂತರದ ಸರಾಸರಿ ತಾಂತ್ರಿಕ ತಪ್ಪು 5.42ರಿಂದ 3.15ಕ್ಕೆ ಇಳಿದಿತ್ತು, ಹೇಳದೆ ಬಿಟ್ಟುಹೋಗುತ್ತಿದ್ದ ಮಾಹಿತಿ 2.09ರಿಂದ 1.07ಕ್ಕೆ. ಇಷ್ಟು ಎಚ್ಚರ ವಹಿಸಿದರೂ ಸಮಯ ಹೆಚ್ಚು ಹಿಡಿಯಲಿಲ್ಲ. 10.8 ನಿಮಿಷದ ಕೆಲಸ 9.4 ನಿಮಿಷದಲ್ಲಿ ಮುಗಿಯುತ್ತಿತ್ತು.